ಸೈನೈಡ್ ದಿಬ್ಬದ ಮಣ್ಣಿನಿಂದ ನೀರಿಗೆ ಏನಿಳಿಯುತ್ತದೆ? ಲ್ಯಾಬಿನಲ್ಲಿ ನೋಡುವ ಬಗೆ

ಕೆಜಿಎಫ್‌ಗೆ ಹೋದವರು ಆ ದಿಬ್ಬಗಳನ್ನು ನೋಡದೆ ಬರುವುದಿಲ್ಲ. ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಆದರೆ ಚಿನ್ನ ತೆಗೆದು ಚೆಲ್ಲಿದ ನುಣ್ಣನೆ ಮಣ್ಣು 3 ಕೋಟಿ ಟನ್ನಿಗೂ ಜಾಸ್ತಿ ಅಲ್ಲೇ ಕೂತಿದೆ. ಅದರಲ್ಲಿ ಆರ್ಸೆನಿಕ್ ಎಷ್ಟಿದೆ, ಸೀಸ ಎಷ್ಟಿದೆ ಅಂತ ಎಲ್ಲರೂ ಕೇಳುತ್ತಾರೆ. ಬಾವಿ ನೀರಿನ ಚಿಂತೆ ಇದ್ದರೆ ಅಷ್ಟು ಕೇಳಿ ಸಾಲದು. ಮಳೆ ಬಿದ್ದಾಗ ಅದರಲ್ಲಿ ಎಷ್ಟು ಕರಗಿ ಕೆಳಗಿಳಿಯುತ್ತದೆ? ಇದನ್ನು ಹೇಳುವುದೇ ಲೀಚಿಂಗ್ ಟೆಸ್ಟ್. ಪ್ರಾಜೆಕ್ಟಿಗೆ ಇಂಥ ಮಣ್ಣು ತೆಗೆದುಕೊಂಡ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಸ್ಯಾಂಪಲ್. ಜಾಗದವರ ಅನುಮತಿ ಪಡೆದೇ ಹೋಗಿ. ಮೇಲಿನ ಪದರವನ್ನಷ್ಟೇ ಕೆರೆದು ತಂದರೆ ಕೆಲಸ ಅಲ್ಲಿಗೇ ಕೆಟ್ಟಿತು. ಅದು ಎಷ್ಟೋ ವರ್ಷಗಳ ಮಳೆ ಕುಡಿದ ಮಣ್ಣು, ಡಿಕಾಕ್ಷನ್ ಇಳಿದ ಮೇಲೆ ಫಿಲ್ಟರಿನಲ್ಲಿ ಉಳಿದ ಚರಟದ ಹಾಗೆ. ಅಗೆದು, ಬೇರೆ ಬೇರೆ ಆಳದ್ದನ್ನು ಬೇರೆ ಬೇರೆ ಚೀಲಕ್ಕೆ ಹಾಕಿ. ಬೇಸಿಗೆಯಲ್ಲಿ ಬಿಳಿ ಉಪ್ಪಿನ ಪೊರೆ ಕಟ್ಟಿದ್ದರೆ ಅದನ್ನೂ ಪ್ರತ್ಯೇಕವಾಗಿ ತನ್ನಿ, ಮೊದಲ ಮಳೆಗೆ ಕರಗಿ ಹೋಗುವುದು ಅದೇ. ಜಿಂಕ್ ಬಳಿದ ಸಲಿಕೆ, ಬಕೆಟ್ ಬೇಡ. ಒಣಗಿಸುವಾಗ 40 ಡಿಗ್ರಿ ದಾಟಿಸಬೇಡಿ, ಪಾದರಸ ಹಾರಿಹೋಗುತ್ತದೆ.

ಇನ್ನು ಯಾವ ಟೆಸ್ಟ್? ಇಲ್ಲೇ ಜಾಸ್ತಿ ಜನ ಎಡವುವುದು.

ಯಾವ ಲ್ಯಾಬಿಗೆ ಹೋದರೂ ಮೊದಲು ಟಿಸಿಎಲ್‌ಪಿ ಅನ್ನುತ್ತಾರೆ. ಅಮೆರಿಕದ ಪರಿಸರ ಸಂಸ್ಥೆಯ 1311ನೇ ವಿಧಾನ ಅದು, ನಮ್ಮ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳಲ್ಲೂ ಇದೆ. 100 ಗ್ರಾಂ ಮಣ್ಣಿಗೆ ಅದರ 20 ಪಟ್ಟು ಅಸಿಟಿಕ್ ಆಸಿಡ್ ದ್ರಾವಣ ಹಾಕಿ, ನಿಮಿಷಕ್ಕೆ 30 ಸುತ್ತಿನಂತೆ 18 ಗಂಟೆ ಬಾಟಲಿಯನ್ನು ಉರುಳಿಸಬೇಕು. ದ್ರಾವಣದ ಪಿಎಚ್ (ಹುಳಿ-ಕ್ಷಾರದ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 4.93, ಮಣ್ಣು ತುಂಬಾ ಕ್ಷಾರವಾಗಿದ್ದರೆ 2.88. ಈ ಆಸಿಡ್ ಯಾಕೆ ಗೊತ್ತಾ? ನಗರದ ಕಸದ ಗುಂಡಿಯಲ್ಲಿ ಕೊಳೆತ ಪದಾರ್ಥದಿಂದ ಹುಳಿ ಹುಟ್ಟುತ್ತದಲ್ಲ, ಅದರ ಅನುಕರಣೆ. ದಿಬ್ಬದ ಮೇಲೆ ಯಾರೂ ಕೊಳೆತ ತರಕಾರಿ ಸುರಿಯುತ್ತಿಲ್ಲ, ಅಲ್ವಾ?

ಸೀಸ, ಕ್ಯಾಡ್ಮಿಯಂ ಹುಳಿಯಲ್ಲಿ ಚೆನ್ನಾಗಿ ಕರಗುತ್ತವೆ. ಆರ್ಸೆನಿಕ್ ಸ್ವಭಾವ ಬೇರೆ. ಹುಳಿ ಇದ್ದಾಗ ಅದು ಕಬ್ಬಿಣದ ತುಕ್ಕಿನಂಥ ಪುಡಿಗೆ ಅಂಟಿಕೊಂಡಿರುತ್ತದೆ, ಪಿಎಚ್ ಮೇಲೇರಿದರೆ ಬಿಟ್ಟು ನೀರಿಗೆ ಬರುತ್ತದೆ. ಸೈನೈಡಿನಿಂದ ಚಿನ್ನ ತೆಗೆಯುವಾಗ ಸುಣ್ಣ ಹಾಕುವುದರಿಂದ ಚೆಲ್ಲಿದ ಮಣ್ಣು ಕ್ಷಾರವಾಗಿಯೇ ಹೊರಬರುತ್ತದೆ. ಹಾಗಾಗಿ ಟಿಸಿಎಲ್‌ಪಿಯಲ್ಲಿ ಪಾಸಾದ ಮಣ್ಣು ಬರೀ ನೀರಿನಲ್ಲಿ ಜಾಸ್ತಿ ಆರ್ಸೆನಿಕ್ ಬಿಡಬಹುದು.

ಅದಕ್ಕೇ ನಾನು ಹೇಳುವುದು, ಯುರೋಪಿನ ನೀರಿನ ಟೆಸ್ಟನ್ನೂ ಜೊತೆಗೆ ಮಾಡಿ. ಹೆಸರು ಇಎನ್ 12457. ತುಂಬ ಸರಳ. 4 ಮಿಲಿಮೀಟರಿಗಿಂತ ಸಣ್ಣ ಮಣ್ಣು ಒಣ ತೂಕದಲ್ಲಿ 90 ಗ್ರಾಂ, ಡಿಸ್ಟಿಲ್ಡ್ ವಾಟರ್ 900 ಮಿಲಿ, 24 ಗಂಟೆ ಉರುಳಿಸಿ. ಒಂದು ಬಾಟಲಿಯಲ್ಲಿ ಮಣ್ಣಿಲ್ಲದೆ ಬರೀ ನೀರು ಇರಲಿ, ಒಂದೇ ಸ್ಯಾಂಪಲ್ ಎರಡು ಬಾಟಲಿಯಲ್ಲಿರಲಿ. ಬಾಟಲಿಗಳನ್ನೆಲ್ಲ ಮೊದಲೇ ನೈಟ್ರಿಕ್ ಆಸಿಡ್ಡಿನಲ್ಲಿ ತೊಳೆದಿಟ್ಟುಕೊಳ್ಳಿ. ಮುಗಿದ ಕೂಡಲೇ ಪಿಎಚ್ ನೋಡಿ ಬರೆದುಕೊಳ್ಳಿ, ಆಮೇಲೆ 0.45 ಮೈಕ್ರಾನ್ ಫಿಲ್ಟರಿನಲ್ಲಿ ಸೋಸಿ, ಆಮೇಲೆ ನೈಟ್ರಿಕ್ ಆಸಿಡ್ ಹಾಕಿ ಪಿಎಚ್ 2ರ ಕೆಳಗಿಳಿಸಿ. ಈ ಕ್ರಮ ತಪ್ಪಬೇಡಿ. ನಾನು ಮೊದಲ ಸಲ ಸೋಸುವ ಮುಂಚೆಯೇ ಆಸಿಡ್ ಸುರಿದೆ, ತೇಲುತ್ತಿದ್ದ ನುಣ್ಣನೆ ಪುಡಿಯೂ ಕರಗಿ ಸೀಸದ ಅಂಕಿ ಎಲ್ಲಿಗೋ ಏರಿತು, ಏನೋ ದೊಡ್ಡದು ಕಂಡುಹಿಡಿದೆ ಅಂತ ಎರಡು ದಿನ ಬೀಗಿಕೊಂಡು ತಿರುಗಾಡಿದ್ದೆ.

ಹೈಡ್ರೋಕ್ಲೋರಿಕ್ ಆಸಿಡ್ ಇದ್ದರೂ ನಡೆಯುತ್ತೆ ಅನ್ನಬೇಡಿ. ಕಣಗಳನ್ನು ತೂಕದ ಮೇಲೆ ಗುರುತಿಸಿ ಲೋಹ ಅಳೆಯುವ ಐಸಿಪಿ-ಎಂಎಸ್ ಯಂತ್ರದಲ್ಲಿ ಕ್ಲೋರಿನ್, ಯಂತ್ರದೊಳಗಿನ ಆರ್ಗಾನ್ ಅನಿಲದ ಜೊತೆ ಸೇರಿ ಆರ್ಸೆನಿಕ್ಕಿನ ತೂಕವಾದ 75ರ ಜಾಗದಲ್ಲೇ ಕಾಣಿಸಿಕೊಳ್ಳುತ್ತದೆ, ಇಲ್ಲದ ಆರ್ಸೆನಿಕ್ ಇದ್ದಂತೆ ತೋರುತ್ತದೆ.

ಒಂದು ಎಚ್ಚರಿಕೆ, ಇದನ್ನು ತಮಾಷೆಗೆ ತೆಗೆದುಕೊಳ್ಳಬೇಡಿ. ಸೈನೈಡ್ ಉಳಿದಿರಬಹುದಾದ ಮಣ್ಣಿಗೆ ಆಸಿಡ್ ಬಿದ್ದರೆ ಹೈಡ್ರೋಜನ್ ಸೈನೈಡ್ ಅನಿಲ ಏಳುತ್ತದೆ, ಅದು ಆಳನ್ನೇ ಕೊಲ್ಲುತ್ತದೆ. ಫ್ಯೂಮ್ ಹುಡ್ (ವಿಷಗಾಳಿಯನ್ನು ಹೊರಗೆಳೆಯುವ ಗೂಡು) ಇಲ್ಲದೆ ಆಸಿಡ್ ಬಾಟಲಿ ತೆರೆಯಲೇಬೇಡಿ, ಒಬ್ಬರೇ ಇದ್ದಾಗಂತೂ ಬೇಡವೇ ಬೇಡ. ಸೈನೈಡನ್ನೇ ಅಳೆಯಬೇಕಿದ್ದರೆ ಬೇರೆ ಬಾಟಲಿಯಲ್ಲಿ ಬರೀ ನೀರಿನಿಂದ ಇಳಿಸಿ, ಸೋಡಿಯಂ ಹೈಡ್ರಾಕ್ಸೈಡ್ ಹಾಕಿ ಪಿಎಚ್ 12ರ ಮೇಲೆ ಇಡಿ.

ಲೆಕ್ಕ ಸುಲಭ. ನೀರಿನ ಟೆಸ್ಟಿನಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಬಂದರೆ ಅದನ್ನು 10ರಿಂದ ಗುಣಿಸಿ. ಕಿಲೋ ಮಣ್ಣು 0.5 ಮಿಲಿಗ್ರಾಂ ಬಿಟ್ಟಿತು ಅಂತ. ಅಂಕಿಯನ್ನು ಯಾವುದಕ್ಕೆ ಹೋಲಿಸುತ್ತೀರಿ ಅನ್ನುವುದರಲ್ಲೇ ಕಥೆ ಬದಲಾಗುತ್ತದೆ. ಟಿಸಿಎಲ್‌ಪಿಯಲ್ಲಿ ಆರ್ಸೆನಿಕ್ ಮಿತಿ ಲೀಟರಿಗೆ 5 ಮಿಲಿಗ್ರಾಂ, ಕುಡಿಯುವ ನೀರಿನ ಭಾರತೀಯ ಮಾನದಂಡದಲ್ಲಿ 0.01. ಐನೂರು ಪಟ್ಟು ಅಂತರ! ಒಂದು "ಅಪಾಯಕಾರಿ ತ್ಯಾಜ್ಯವೋ ಅಲ್ಲವೋ" ಎಂಬ ಕಾನೂನಿನ ಪ್ರಶ್ನೆಗೆ, ಇನ್ನೊಂದು ಲೋಟಕ್ಕೆ. ರಿಪೋರ್ಟಿನಲ್ಲಿ ಸುಮ್ನೆ "ಮಿತಿಯೊಳಗಿದೆ" ಅಂತ ಬರೆದು ಕೈತೊಳೆದುಕೊಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯಾವ ಮಿತಿ, ಕೊನೆಯ ಪಿಎಚ್ ಎಷ್ಟು, ಎರಡನ್ನೂ ಬರೆಯಿರಿ.

ಮಣ್ಣಿನಲ್ಲಿ ಗಂಧಕದ ಖನಿಜ ಜಾಸ್ತಿ ಇದ್ದರೆ ಒಂದು ದಿನದ ಟೆಸ್ಟ್ ಸಾಲದು, ಗಾಳಿ ತಾಗಿ ಹುಳಿಯಾಗಲು ಅದಕ್ಕೆ ಸಮಯ ಬೇಕು. ಅದಕ್ಕೆ ಹ್ಯೂಮಿಡಿಟಿ ಸೆಲ್ ಇದೆ. ವಾರದಲ್ಲಿ ಮೂರು ದಿನ ಒಣ ಗಾಳಿ, ಮೂರು ದಿನ ತೇವದ ಗಾಳಿ, ಏಳನೇ ದಿನ ನೀರು ಹಾಯಿಸಿ ತೊಳೆಯುವುದು, ಹೀಗೆ ಕನಿಷ್ಠ 20 ವಾರ. ಪ್ರಾಜೆಕ್ಟಿಗೆ ಮೂರೇ ತಿಂಗಳಿದ್ದರೆ ಇದಕ್ಕೆ ಕೈಹಾಕಬೇಡಿ. 2.5 ಗ್ರಾಂ ಪುಡಿಗೆ 15 ಶೇಕಡಾ ಹೈಡ್ರೋಜನ್ ಪೆರಾಕ್ಸೈಡ್ 250 ಮಿಲಿ ಹಾಕುವ ನ್ಯಾಗ್ ಟೆಸ್ಟ್ ಮಾಡಿ, ಮಣ್ಣು ಹುಳಿಯಾಗುತ್ತದೋ ಇಲ್ಲವೋ ಅಂತ ಅದು ಬೇಗ ಹೇಳುತ್ತದೆ. ಬುರುಗು ಉಕ್ಕುತ್ತದೆ, ದೊಡ್ಡ ಫ್ಲಾಸ್ಕ್ ತೆಗೆದುಕೊಳ್ಳಿ. ಉಕ್ಕು ನಿಂತ ಮೇಲೆ ಕಾಯಿಸಿ, ಆರಿಸಿ ಪಿಎಚ್ ನೋಡಿ. 4.5ಕ್ಕಿಂತ ಕಡಿಮೆ ಬಂದರೆ ಆ ದಿಬ್ಬ ಮುಂದೆ ಹುಳಿ ಬಿಡುವ ಜಾತಿಯದು, ಆಗ ಗೈಡ್ ಹತ್ತಿರ ಕೂತು 20 ವಾರದ ಮಾತು ಎತ್ತಿ.