ಜರ್ಮನಿಯಲ್ಲಿ ಓದುವಾಗ ಹುಷಾರು ತಪ್ಪಿದರೆ: ನಾನು ಮೊದಲೇ ಮಾಡಿಟ್ಟುಕೊಂಡ ತಯಾರಿ

ಜರ್ಮನಿಗೆ ಮಾಸ್ಟರ್ಸ್ ಮಾಡಲು ಹೊರಟವರು ನನ್ನನ್ನು ಕೇಳುವುದು ಬ್ಲಾಕ್ಡ್ ಅಕೌಂಟ್ (ಇಲ್ಲಿಯ ಖರ್ಚಿಗೆ ಮೊದಲೇ ದುಡ್ಡು ಇಟ್ಟು ತೋರಿಸಬೇಕಾದ ಬ್ಯಾಂಕ್ ಖಾತೆ) ಬಗ್ಗೆ, ವೀಸಾ ಬಗ್ಗೆ, ಕುಕ್ಕರ್ ತರಬೇಕಾ ಬೇಡವಾ ಅಂತ. ಹುಷಾರು ತಪ್ಪಿದರೆ ಏನು ಮಾಡೋದು ಅಂತ ಯಾರೂ ಕೇಳುವುದಿಲ್ಲ. ಇಪ್ಪತ್ತೆರಡು, ಇಪ್ಪತ್ಮೂರರ ವಯಸ್ಸಲ್ಲಿ ಅದು ತಲೆಗೆ ಬರೋದೂ ಇಲ್ಲ. ನಾನು ದಾವಣಗೆರೆಯಿಂದ ಮಾಗ್ಡೆಬರ್ಗ್‌ಗೆ ಬಂದಾಗ ಹಾಸ್ಟೆಲ್‌ನಲ್ಲಿ ಸೀನಿಯರ್ ಅಕ್ಕ ಒಬ್ಬರು, "ಚೆನ್ನಾಗಿರುವಾಗಲೇ ಡಾಕ್ಟರ್ ಹುಡುಕಿಟ್ಟುಕೋ" ಅಂದಿದ್ದರು. ಅವರ ಮಾತು ಕೇಳಿದೆ.

ಮೊದಲು ವಿಮೆ. ಬೆಂಗಳೂರಲ್ಲಿ ಮಾಡಿಸಿಕೊಂಡು ಬರುವ ಟ್ರಾವೆಲ್ ಇನ್ಶೂರೆನ್ಸ್ ಶುರುವಿನ ದಿನಗಳಿಗೆ ಮಾತ್ರ. 30 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಇಲ್ಲಿ ಪಬ್ಲಿಕ್ ಇನ್ಶೂರೆನ್ಸ್, ಅಂದರೆ ಸಾರ್ವಜನಿಕ ಆರೋಗ್ಯ ವಿಮೆ, ಕಡಿಮೆ ದರದಲ್ಲಿ ಸಿಗುತ್ತದೆ, ಈಗ ತಿಂಗಳಿಗೆ ಸುಮಾರು 150 ಯೂರೋ. ಅಗ್ಗ ಅಂತ ಪ್ರೈವೇಟ್ ತೆಗೆದುಕೊಳ್ಳುವವರು ಒಂದು ವಿಷಯ ತಿಳಿದಿರಬೇಕು. ಪಬ್ಲಿಕ್ ಬೇಡ ಅಂತ ಒಮ್ಮೆ ಬರೆದುಕೊಟ್ಟು ವಿನಾಯಿತಿ ಪಡೆದರೆ, ಓದು ಮುಗಿಯುವ ತನಕ ಸ್ಟೂಡೆಂಟ್ ದರದಲ್ಲಿ ವಾಪಸ್ ಬರಲು ಆಗುವುದಿಲ್ಲ. ನಾನು ಯೋಚನೆಯೇ ಮಾಡದೆ ಪಬ್ಲಿಕ್ ತೆಗೆದುಕೊಂಡೆ. ಡಾಕ್ಟರ್ ಹತ್ತಿರ ಕಾರ್ಡ್ ಕೊಟ್ಟರೆ ಸಾಕು, ಬಿಲ್ ಕೈಗೆ ಬರುವುದಿಲ್ಲ.

ಕಾರ್ಡ್ ಬಂದ ವಾರವೇ ಫ್ಯಾಮಿಲಿ ಡಾಕ್ಟರ್ ಹುಡುಕಲು ಹೊರಟೆ. ಇಲ್ಲಿ ಅವರನ್ನು ಹೌಸ್‌ಆರ್ಟ್ಸ್ಟ್ ಅಂತಾರೆ. ಬಹಳ ಕಡೆ "ಹೊಸ ಪೇಷಂಟ್ ತೆಗೆದುಕೊಳ್ಳುತ್ತಿಲ್ಲ" ಅಂತ ಬಾಗಿಲಲ್ಲೇ ಹೇಳಿಬಿಡುತ್ತಾರೆ. ಅದಕ್ಕೇ ಮೈಯಲ್ಲಿ ಶಕ್ತಿ ಇರುವಾಗ ಓಡಾಡಿ ಅಂತ ಹೇಳೋದು. ಕೊನೆಗೆ ಟ್ರ್ಯಾಮ್ ಸ್ಟಾಪ್ ಹತ್ತಿರವೇ ಒಬ್ಬರು ಇಂಗ್ಲಿಷ್ ಮಾತಾಡುವ ಡಾಕ್ಟರ್ ಒಪ್ಪಿಕೊಂಡರು. ನನ್ನ ಅಲರ್ಜಿ, ಥೈರಾಯ್ಡ್ ಮಾತ್ರೆ ಎಲ್ಲಾ ಆವತ್ತೇ ಬರೆಸಿಬಿಟ್ಟೆ. ಊರಿಂದ ತಂದ ಮಾತ್ರೆಯ ಚೀಟಿಯಲ್ಲಿ ಬ್ರ್ಯಾಂಡ್ ಹೆಸರಿನ ಜೊತೆ ಔಷಧಿಯ ಮೂಲ ಹೆಸರೂ ಇದ್ದದ್ದು ಒಳ್ಳೆಯದಾಯಿತು. ನಮ್ಮ ಬ್ರ್ಯಾಂಡ್‌ಗಳು ಇಲ್ಲಿ ಯಾರಿಗೂ ಗೊತ್ತಿಲ್ಲ.

ನವೆಂಬರ್‌ನಲ್ಲಿ ಜೋರು ಜ್ವರ ಬಂತು, ಶನಿವಾರ ರಾತ್ರಿ. ಆಗ ಉಪಯೋಗಕ್ಕೆ ಬಂದದ್ದು 116117 ಅನ್ನುವ ನಂಬರ್. ಪ್ರಾಣಕ್ಕೆ ಅಪಾಯ ಇಲ್ಲ, ಆದರೆ ಸೋಮವಾರದವರೆಗೆ ಕಾಯಲು ಆಗಲ್ಲ ಅನ್ನುವಾಗ ಮಾಡಬೇಕಾದ ಫೋನ್ ಇದು. ಯಾವ ಕ್ಲಿನಿಕ್ ತೆರೆದಿದೆ ಅಂತ ಹೇಳುತ್ತಾರೆ. ಉಸಿರಾಟದ ತೊಂದರೆ, ಎದೆನೋವು, ಅಪಘಾತ, ಬೆಂಕಿ ಅಂದರೆ ಮಾತ್ರ 112, ಆಗ ಹಿಂದೆಮುಂದೆ ನೋಡಬಾರದು. ಖರ್ಚಿಗೆ ಹೆದರಿ ಆಂಬ್ಯುಲೆನ್ಸ್ ಕರೆಯದೆ ಕೂತವರನ್ನು ನೋಡಿದ್ದೇನೆ, ಅಮೆರಿಕದ ಕಥೆ ಕೇಳಿ ಕೇಳಿ ಆ ಹೆದರಿಕೆ. ಇಲ್ಲಿ ಪಬ್ಲಿಕ್ ಇನ್ಶೂರೆನ್ಸ್ ಇದ್ದು, ನಿಜವಾಗಿ ಬೇಕಿದ್ದರೆ, ನಮ್ಮ ಪಾಲು 10 ಯೂರೋ ಅಷ್ಟೇ. ಪೊಲೀಸರಿಗೆ 110.

ಡಾಕ್ಟರ್ ನೋಡಿದರು, ಚೆನ್ನಾಗಿ ನೀರು, ಟೀ ಕುಡಿದು ಮಲಗಿ ಅಂದರು. ಊರಲ್ಲಾದರೆ ಒಂದು ಇಂಜೆಕ್ಷನ್, ಮೂರು ಥರದ ಮಾತ್ರೆ ಕೊಟ್ಟು ಕಳಿಸೋರು ಅಲ್ವಾ? ಹುಡುಗರು ಇದನ್ನು ನಿರ್ಲಕ್ಷ್ಯ ಅಂದುಕೊಂಡು ಮನೆಯಿಂದ ತಂದ ಆಂಟಿಬಯೋಟಿಕ್ ನುಂಗಿಬಿಡುತ್ತಾರೆ. ದಯವಿಟ್ಟು ಬೇಡ. ವೈರಸ್ ಜ್ವರಕ್ಕೆ ಅದು ಕೆಲಸವನ್ನೇ ಮಾಡುವುದಿಲ್ಲ. ಪ್ಯಾರಾಸಿಟಮಾಲ್ ಮಾತ್ರ ರೂಮಲ್ಲಿ ಇರಲಿ, ಯಾಕೆಂದರೆ ಸೋಪು ಶಾಂಪೂ ಮಾರುವ ಡಿಎಂ, ರಾಸ್‌ಮನ್ ಅಂಗಡಿಗೆ ಹೋದರೆ ಅದು ಸಿಗುವುದಿಲ್ಲ, ಔಷಧಿ ಅಂಗಡಿಗೇ ಹೋಗಬೇಕು. ಭಾನುವಾರ ಸರದಿಯ ಮೇಲೆ ಯಾವುದೋ ಒಂದೆರಡು ಮಾತ್ರ ತೆರೆದಿರುತ್ತವೆ.

ಇನ್ನೊಂದು ಮಾತು, ಪಾರ್ಟ್ ಟೈಮ್ ಕೆಲಸ ಮಾಡುವವರಿಗೆ. ಜ್ವರ ಇದ್ದರೂ ಸಂಬಳ ಹೋಗುತ್ತೆ ಅಂತ ವೇರ್‌ಹೌಸ್‌ಗೆ ರಾತ್ರಿ ಪಾಳಿಗೆ ಹೋದವರು ನನ್ನ ಜೊತೆಯಲ್ಲೇ ಇದ್ದರು. ಕೆಲಸಕ್ಕೆ ಸೇರಿ ನಾಲ್ಕು ವಾರ ಆಗಿದ್ದರೆ, ಹುಷಾರಿಲ್ಲದ ದಿನಕ್ಕೂ ಸಂಬಳ ಕೊಡಬೇಕು ಅನ್ನುವುದು ಇಲ್ಲಿಯ ಕಾನೂನು, ಆರು ವಾರದವರೆಗೆ. ಮಿನಿಜಾಬ್‌ಗೂ (ತಿಂಗಳ ಸಂಬಳಕ್ಕೆ ಮಿತಿ ಇರುವ ಸಣ್ಣ ಕೆಲಸ) ಅನ್ವಯ ಆಗುತ್ತದೆ. ಪಾಳಿ ಶುರುವಾಗುವ ಮೊದಲೇ ಫೋನ್ ಮಾಡಿ ತಿಳಿಸಿ, ಡಾಕ್ಟರ್ ಸರ್ಟಿಫಿಕೇಟ್ ಯಾವಾಗಿನಿಂದ ಬೇಕು ಅಂತ ಕೇಳಿ. ಪರೀಕ್ಷೆಯ ದಿನ ಹುಷಾರಿಲ್ಲ ಅಂದರೆ ಆವತ್ತೇ ಡಾಕ್ಟರ್ ಹತ್ತಿರ ಹೋಗಿ.

ರೂಮಿನ ವಿಷಯ. ಚಳಿ ಅಂತ ಕಿಟಕಿ ಮುಚ್ಚಿ, ಒಳಗೇ ಅನ್ನ ಬೇಯಿಸಿ, ಒಗೆದ ಬಟ್ಟೆಯನ್ನೂ ಅಲ್ಲೇ ಒಣಗಿಸಿದರೆ ಗೋಡೆಯ ಮೂಲೆಯಲ್ಲಿ ಕಪ್ಪು ಬೂಷ್ಟು ಬರುತ್ತದೆ. ಕೆಮ್ಮೂ ಬರುತ್ತದೆ, ಮನೆ ಬಿಡುವಾಗ ಡೆಪಾಸಿಟ್‌ನಲ್ಲೂ ಕಟ್ ಆಗುತ್ತದೆ. ನಾನು ಬೆಳಿಗ್ಗೆ, ಸಂಜೆ, ಅಡುಗೆ ಆದ ಮೇಲೆ ಹೀಟರ್ ತಗ್ಗಿಸಿ ಕಿಟಕಿಯನ್ನು ಪೂರ್ತಿ ತೆರೆದು ಐದು ನಿಮಿಷ ಬಿಡುತ್ತೇನೆ. ಇಡೀ ದಿನ ಅರೆ ತೆರೆದಿಟ್ಟರೆ ಗೋಡೆ ತಣ್ಣಗಾಗಿ ಇನ್ನೂ ಕೆಡುತ್ತದೆ. ಒಗ್ಗರಣೆ ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆಗೆಯಿರಿ. ಹೊಗೆ ಕಾರಿಡಾರ್‌ಗೆ ಹೋದರೆ ಅಲಾರಂ ಹೊಡೆದು ಫೈರ್ ಎಂಜಿನ್ನೇ ಬಂದುಬಿಡಬಹುದು.

ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕಕ್ಕೇ ಕತ್ತಲೆ. ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಇಲ್ಲಿಯ ಬಿಸಿಲಲ್ಲಿ ಮೈಗೆ ಬೇಕಾದಷ್ಟು ವಿಟಮಿನ್ ಡಿ ತಯಾರಾಗುವುದಿಲ್ಲ, ನಮ್ಮ ಮೈಬಣ್ಣಕ್ಕಂತೂ ಇನ್ನೂ ಕಡಿಮೆ. ಆದರೂ ಊರಿಂದ 60,000 ಯೂನಿಟ್‌ನ ಸ್ಯಾಶೆ ತರಿಸಿಕೊಂಡು ಸುಮ್ನೆ ವಾರ ವಾರ ಕುಡಿಯಬೇಡಿ, ಡಾಕ್ಟರ್‌ನ ಕೇಳಿ. ನಾನು ಮಧ್ಯಾಹ್ನದ ಊಟ ಆದ ತಕ್ಷಣ ಎಲ್ಬೆ ನದಿ ದಂಡೆಯಲ್ಲಿ ನಡೆಯುತ್ತೇನೆ, ಮೋಡ ಇದ್ದರೂ. ಸೈಕಲ್‌ಗೆ ಮುಂದೆ ಹಿಂದೆ ಲೈಟ್ ಹಾಕಿಸಿ. ಟ್ರ್ಯಾಮ್ ಹಳಿಯನ್ನು ಆದಷ್ಟು ಅಡ್ಡಡ್ಡ ದಾಟಿ, ಇಲ್ಲದಿದ್ದರೆ ಚಕ್ರ ಸಿಕ್ಕಿಕೊಳ್ಳುತ್ತದೆ.

ಆ ಕತ್ತಲೆ ಮನಸ್ಸಿಗೂ ಇಳಿಯುತ್ತದೆ. ಅಮ್ಮ ಫೋನ್ ಮಾಡಿದಾಗ "ಆರಾಮಾಗಿದೀನಿ" ಅಂದು ಇಟ್ಟು ಅಳುವ ಹುಡುಗ ಹುಡುಗಿಯರು ಬೇಕಾದಷ್ಟಿದ್ದಾರೆ. ನಿದ್ದೆ, ಊಟ ಎರಡೂ ಕೆಟ್ಟರೆ ಕಾಯಬೇಡಿ. ವಿದ್ಯಾರ್ಥಿಗಳ ಹಾಸ್ಟೆಲ್, ಕ್ಯಾಂಟೀನ್ ನೋಡಿಕೊಳ್ಳುವ ಸಂಸ್ಥೆಯಾದ ಸ್ಟುಡೆಂಟನ್‌ವೆರ್ಕ್‌ನಲ್ಲಿ ಕೌನ್ಸೆಲಿಂಗ್ ಇದೆ, ದುಡ್ಡಿಲ್ಲ, ಹೇಳಿದ್ದು ಕಾಲೇಜಿಗೆ ಹೋಗುವುದಿಲ್ಲ. ನಾನೂ ಹೋಗಿದ್ದೇನೆ. ಹೋಗಿ ಮಾತಾಡಿದ ಮೇಲೆ ಓದಲು ಕೂರಲು ಆಯಿತು.

ಈಗ ನಮ್ಮ ಫ್ಲ್ಯಾಟ್‌ನ ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿದ್ದೇವೆ: ಮನೆಯ ಪೂರ್ತಿ ವಿಳಾಸ ಜರ್ಮನ್‌ನಲ್ಲಿ, 112, 116117, ಪ್ರತಿಯೊಬ್ಬರ ಅಲರ್ಜಿ, ಊರಿನ ಮನೆ ನಂಬರ್. ಹಾಗೇ ಅಪ್ಪ ಅಮ್ಮನಿಗೆ ರೂಮ್‌ಮೇಟ್ ಒಬ್ಬರ ನಂಬರ್ ಕೊಟ್ಟಿಡಿ. ನಿಮ್ಮ ಫೋನ್ ಎರಡು ದಿನ ಸ್ವಿಚ್ ಆಫ್ ಬಂದರೆ ಅವರು ದಾವಣಗೆರೆಯಲ್ಲೋ ಹಾಸನದಲ್ಲೋ ಕೂತು ಯಾರಿಗೆ ಫೋನ್ ಮಾಡಬೇಕು ಹೇಳಿ?