ಬರ್ಲಿನ್ನಾ, ಐಂಡ್‌ಹೋವನ್ನಾ: ಸಂಬಳ, ತೆರಿಗೆ, ಖರ್ಚು ನಾನು ಲೆಕ್ಕ ಹಾಕಿದ ರೀತಿ

2025ರಲ್ಲಿ ನನಗೆ ಎರಡು ಆಫರ್ ಬಂದವು. ಒಂದು ಬರ್ಲಿನ್‌ನಿಂದ, ಇನ್ನೊಂದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಿಂದ. ಎರಡೂ ಹೆಚ್ಚುಕಡಿಮೆ ವರ್ಷಕ್ಕೆ 72,000 ಯೂರೋ. ಮನೆಯಲ್ಲಿ ನಾನು, ಹೆಂಡತಿ, ಎರಡು ವರ್ಷದ ಮಗಳು. ಹೋದ ಹೊಸದರಲ್ಲಿ ದುಡಿಯುವವನು ನಾನೊಬ್ಬನೇ. ಕೇಳಿದವರೆಲ್ಲ ಹೇಳಿದ್ದು ಒಂದೇ ಮಾತು: "ಜರ್ಮನಿಯಲ್ಲಿ ಟ್ಯಾಕ್ಸ್ ವಿಪರೀತ ಮಾರಾಯ, ನೆದರ್‌ಲ್ಯಾಂಡ್ಸ್‌ಗೆ ಹೋಗು." ನಾನು ಬರ್ಲಿನ್‌ಗೆ ಬಂದೆ. ಅದು ಹೇಗೆ ಅಂತ ಲೆಕ್ಕದ ಸಮೇತ ಹೇಳುತ್ತೇನೆ. ಅಂಕಿಗಳೆಲ್ಲ 2025ರವು.

ಮೊದಲು ನಾನು ಬದಿಗಿಟ್ಟಿದ್ದು ಜೀವನವೆಚ್ಚದ ಸೂಚ್ಯಂಕಗಳನ್ನು. ಡೆನ್ಮಾರ್ಕ್, ಐರ್ಲೆಂಡ್ ದುಬಾರಿ, ರೊಮೇನಿಯಾ, ಬಲ್ಗೇರಿಯಾ ಅಗ್ಗ ಅನ್ನುವಷ್ಟು ತಿಳಿಯಲು ಅವು ಸಾಕು. ಆದರೆ ಅಕ್ಕಪಕ್ಕದ ಎರಡು ದೇಶಗಳ ನಡುವೆ ಒಂದನ್ನು ಆರಿಸಲು ಸಾಲದು. ಹೋಟೆಲ್ ಊಟ, ಕಾಫಿ, ಜಿಮ್, ಸಿನಿಮಾ ಟಿಕೆಟ್ ಎಲ್ಲ ಸೇರಿಸಿ ಸರಾಸರಿ ತೆಗೆದಿರುತ್ತಾರೆ, ನಾವು ಮನೆಯಲ್ಲೇ ಅನ್ನ ಸಾರು ಮಾಡಿಕೊಳ್ಳುವ ಜನ. ಲಿಡ್ಲ್, ಆಲ್ಡಿಯಂಥ ಅಗ್ಗದ ಸೂಪರ್‌ಮಾರ್ಕೆಟ್‌ಗಳು ಎರಡೂ ಕಡೆ ಇವೆ, ತೊಗರಿಬೇಳೆ ಎರಡೂ ಕಡೆ ಇಂಡಿಯನ್ ಅಂಗಡಿಯಲ್ಲೇ ಸಿಗೋದು. ದಿನಸಿಯಿಂದ ನನ್ನ ತೀರ್ಮಾನ ಬದಲಾಗುವಂತಿರಲಿಲ್ಲ. ಬದಲಾಯಿಸಬಲ್ಲವು ನಾಲ್ಕೇ: ತೆರಿಗೆ, ಹೆಲ್ತ್ ಇನ್ಶೂರೆನ್ಸ್, ಮಗುವಿನ ಡೇಕೇರ್, ಬಾಡಿಗೆ.

ಜರ್ಮನಿಯಿಂದ ಶುರು ಮಾಡುತ್ತೇನೆ. ಅಲ್ಲಿ ಸಂಬಳದಿಂದ ಹೋಗುವುದು ಬರೀ ತೆರಿಗೆಯಲ್ಲ. ಪಿಂಚಣಿ, ನಿರುದ್ಯೋಗ ವಿಮೆ, ಹೆಲ್ತ್ ಇನ್ಶೂರೆನ್ಸ್, ವೃದ್ಧಾಪ್ಯದ ಆರೈಕೆಯ ವಿಮೆ ಎಲ್ಲ ಸೇರಿ ಐದನೇ ಒಂದು ಭಾಗ ಹೋಗುತ್ತದೆ. ಅದರ ಮೇಲೆ ತೆರಿಗೆ. ಕೇಳಿದರೆ ಭಯವಾಗುತ್ತೆ, ಅಲ್ವಾ? ಆದರೆ ಗಂಡ ಹೆಂಡತಿಯಲ್ಲಿ ಒಬ್ಬರೇ ದುಡಿಯುತ್ತಿದ್ದರೆ ಇಬ್ಬರ ಆದಾಯವನ್ನು ಕೂಡಿಸಿ, ಎರಡು ಭಾಗ ಮಾಡಿ ತೆರಿಗೆ ಹಾಕುತ್ತಾರೆ. ತಿಂಗಳ ಸಂಬಳದಲ್ಲೇ ಅದರ ಲಾಭ ಬೇಕಾದರೆ 3ನೇ ತೆರಿಗೆ ವರ್ಗ ತೆಗೆದುಕೊಳ್ಳಬೇಕು, ಆಗ ದುಡಿಯದವರು 5ರಲ್ಲಿ ಇರುತ್ತಾರೆ. ನನ್ನ 72,000ಕ್ಕೆ 3ನೇ ವರ್ಗದಲ್ಲಿ ಕೈಗೆ ಬರುವುದು ತಿಂಗಳಿಗೆ ಸುಮಾರು 4,140. ಅದೇ ಸಂಬಳದ ಬ್ರಹ್ಮಚಾರಿಗೆ ಸುಮಾರು 3,650. ನಮಗೆ ಮಗುವಿನ ಹೆಸರಿನಲ್ಲಿ ಸರ್ಕಾರ ಕೊಡುವ 255 ಕೂಡ ಸೇರುತ್ತದೆ, ಒಟ್ಟು 4,390 ಆಸುಪಾಸು. ಇದರಲ್ಲಿ ಮೂರೂ ಜನರ ಹೆಲ್ತ್ ಇನ್ಶೂರೆನ್ಸ್ ಬಂದುಬಿಟ್ಟಿದೆ. ದುಡಿಯದ ಹೆಂಡತಿಗೂ ಮಗುವಿಗೂ ಸರ್ಕಾರಿ ವ್ಯವಸ್ಥೆಯ ವಿಮೆಯಲ್ಲಿ ಬೇರೆ ಕಂತಿಲ್ಲ.

ಒಂದು ಎಚ್ಚರಿಕೆ. ಹೆಂಡತಿ ಇನ್ನೂ ಊರಲ್ಲೇ ಇದ್ದರೆ 3ನೇ ವರ್ಗ ಸಿಗುವುದಿಲ್ಲ, ಬ್ರಹ್ಮಚಾರಿಗಳಿಗೆ ಹಾಕುವ 1ನೇ ವರ್ಗದಲ್ಲೇ ಕಡಿತ ಆಗುತ್ತದೆ. ಅದೇ ವರ್ಷ ಬಂದು ಸೇರಿದರೆ ರಿಟರ್ನ್ ಹಾಕುವಾಗ ಇಬ್ಬರದೂ ಜಂಟಿಯಾಗಿ ತೋರಿಸಬಹುದು. ಹಾಗಾಗಿ ನವೆಂಬರ್‌ನಲ್ಲಿ ಬರುವುದಾ ಜನವರಿಯಲ್ಲಿ ಬರುವುದಾ ಅನ್ನುವ ಪ್ರಶ್ನೆಗೆ ಸಾವಿರಾರು ಯೂರೋ ಬೆಲೆ ಇದೆ.

ಈಗ ನೆದರ್‌ಲ್ಯಾಂಡ್ಸ್. ಆಫರ್ ಲೆಟರ್‌ನಲ್ಲಿ ಮೊದಲು ನೋಡಬೇಕಾದ್ದು ಶೇ. 8ರ ರಜಾಭತ್ಯೆ 72,000ದ ಒಳಗಿದೆಯಾ ಹೊರಗಿದೆಯಾ ಅಂತ. ಒಳಗಿದ್ದರೆ ತಿಂಗಳ ಸಂಬಳ 6,000 ಅಲ್ಲ, ಸುಮಾರು 5,555. ಉಳಿದದ್ದು ಸಾಮಾನ್ಯವಾಗಿ ಮೇ ತಿಂಗಳಲ್ಲಿ ಒಟ್ಟಿಗೆ ಬರುತ್ತದೆ.

ಆಮೇಲೆ ಎಲ್ಲರೂ ಹೇಳುವ 30% ರೂಲಿಂಗ್. ಹೊರದೇಶದಿಂದ ಕರೆಸಿಕೊಂಡವರಿಗೆ ಐದು ವರ್ಷ ಸಂಬಳದ ಶೇ. 30ರವರೆಗೆ ತೆರಿಗೆ ಇಲ್ಲ, 2027ರಿಂದ ಅದು ಶೇ. 27ಕ್ಕೆ ಇಳಿಯುತ್ತದೆ. ಆ ಭಾಗ ಕಳೆದ ಮೇಲೂ ಸಂಬಳ 46,660 ದಾಟಿರಬೇಕು, ನನ್ನದು 50,400 ಉಳಿಯುತ್ತಿತ್ತು. ರೂಲಿಂಗ್ ಇದ್ದರೆ ರಜಾಭತ್ಯೆಯೂ ಸೇರಿ ತಿಂಗಳಿಗೆ ಸರಾಸರಿ 5,040 ಕೈಗೆ. ನೋಡಿದ ಕೂಡಲೇ ಆಸೆ ಆಗುವ ಅಂಕಿ ಅದು. ಆದರೆ ಹೆಲ್ತ್ ಇನ್ಶೂರೆನ್ಸ್ ಕಂತು ಇದರ ಹೊರಗೆ, ದೊಡ್ಡವರೊಬ್ಬರಿಗೆ ತಿಂಗಳಿಗೆ 150 ಯೂರೋ ಮೇಲೆ, ದುಡಿಯದ ಹೆಂಡತಿಗೂ ಅಷ್ಟೇ. ಮಕ್ಕಳಿಗೆ ಉಚಿತ. ಜೊತೆಗೆ ವರ್ಷಕ್ಕೆ ಮೊದಲ 385 ಯೂರೋ ಆಸ್ಪತ್ರೆ ಖರ್ಚು ನಮ್ಮದೇ, ಫ್ಯಾಮಿಲಿ ಡಾಕ್ಟರ್ ಹತ್ತಿರ ಹೋಗುವುದಕ್ಕೆ ಅದು ತಗಲುವುದಿಲ್ಲ. ಮಗುವಿಗೆ ಮೂರು ತಿಂಗಳಿಗೊಮ್ಮೆ 280 ಆಸುಪಾಸು ಬರುತ್ತದೆ. ಎಲ್ಲ ಕಳೆದು ಕೂಡಿಸಿದರೆ ಸುಮಾರು 4,830. ಬರ್ಲಿನ್‌ಗಿಂತ 440 ಜಾಸ್ತಿ.

ಐದು ವರ್ಷ ಮುಗಿದ ಮೇಲೆ? ರೂಲಿಂಗ್ ಇಲ್ಲದೆ ಅದೇ 72,000ಕ್ಕೆ ಕೈಗೆ ಬರುವುದು ಸುಮಾರು 4,140. ಹೌದು, ಜರ್ಮನಿಯ 3ನೇ ವರ್ಗದಷ್ಟೇ. ಅದರಿಂದ ಇನ್ಶೂರೆನ್ಸ್ ಕಳೆದು ಮಗುವಿನ ಹಣ ಸೇರಿಸಿದರೆ 3,900ರ ಹತ್ತಿರ. ಅಂದರೆ ಆರನೇ ವರ್ಷದಿಂದ ನಮ್ಮಂಥ ಕುಟುಂಬಕ್ಕೆ ಬರ್ಲಿನ್ನೇ 450ಕ್ಕೂ ಜಾಸ್ತಿ ಉಳಿಸಿಕೊಡುತ್ತದೆ. ಮೇಲಿನ ಜರ್ಮನ್ ಲೆಕ್ಕದಲ್ಲಿ ಪಿಂಚಣಿಯ ಶೇ. 9.3 ಆಗಲೇ ಕಳೆದಿದೆ, ಡಚ್ (ಅಂದರೆ ನೆದರ್‌ಲ್ಯಾಂಡ್ಸ್‌ನ) ಲೆಕ್ಕದಲ್ಲಿ ಕಂಪನಿಯ ಪಿಂಚಣಿಗೆ ನಮ್ಮ ಪಾಲು ಇನ್ನೂ ಕಳೆದಿಲ್ಲ. ಅದು ಕಂಪನಿಯಿಂದ ಕಂಪನಿಗೆ ಬೇರೆ, ಎಚ್‌ಆರ್ ಅವರನ್ನು ಕೇಳಿಯೇ ತಿಳಿದುಕೊಳ್ಳಬೇಕು.

ಆದರೆ ತೀರ್ಮಾನ ಮಾಡಿಸಿದ್ದು ಡೇಕೇರ್. ನೆದರ್‌ಲ್ಯಾಂಡ್ಸ್‌ನಲ್ಲಿ ಗಂಟೆಗೆ 10 ಯೂರೋ ಮೇಲೆ ದರ, ಒಂದು ದಿನಕ್ಕೆ 100 ದಾಟುತ್ತದೆ. ಸರ್ಕಾರದ ಸಹಾಯಧನ ಚೆನ್ನಾಗಿಯೇ ಇದೆ, ಆದರೆ ಅದಕ್ಕೆ ಅಪ್ಪ ಅಮ್ಮ ಇಬ್ಬರೂ ಕೆಲಸದಲ್ಲೋ ಓದಿನಲ್ಲೋ ಇರಬೇಕು. ಹೆಂಡತಿ ಸುಮ್ನೆ ಮನೆಯಲ್ಲಿ ಕೂತು ಕೆಲಸ ಹುಡುಕುತ್ತಿದ್ದರೆ ಪೂರ್ತಿ ದುಡ್ಡು ನಮ್ಮದೇ. ವಾರಕ್ಕೆ ಎರಡು ದಿನ ಕಳಿಸಿದರೂ ತಿಂಗಳಿಗೆ 900 ಹೋಗುತ್ತದೆ. ಅಲ್ಲಿಗೆ ಆ 440 ಕರಗಿಹೋಯಿತು. ಬರ್ಲಿನ್‌ನಲ್ಲಿ ಡೇಕೇರ್‌ಗೆ ಶುಲ್ಕ ಇಲ್ಲ, ಊಟಕ್ಕೆ ತಿಂಗಳಿಗೆ 23 ಯೂರೋ. ಸೀಟು ಹುಡುಕುವುದು ಮಾತ್ರ ಕಷ್ಟ, ಬಂದ ವಾರದಿಂದಲೇ ಅರ್ಜಿ ಹಾಕಲು ಶುರುಮಾಡಬೇಕು. ಮಗುವಿಗೆ ನಾಲ್ಕು ತುಂಬಿದ್ದರೆ ಕಥೆ ಬೇರೆ: ಡಚ್ ಶಾಲೆ ನಾಲ್ಕನೇ ವಯಸ್ಸಿಗೇ ಶುರು, ಸರ್ಕಾರದ ಖರ್ಚಿನಲ್ಲಿ.

ಬಾಡಿಗೆ ಎರಡೂ ಕಡೆ ಹತ್ತಿರ ಹತ್ತಿರ ಇತ್ತು. ಜರ್ಮನಿಯಲ್ಲಿ ಜಾಹೀರಾತಿನಲ್ಲಿ ಕಾಣುವುದು ಬರೀ ಮನೆಯ ಬಾಡಿಗೆಯಾ, ಹೀಟಿಂಗ್, ನೀರು ಎಲ್ಲ ಸೇರಿದ್ದಾ ಅಂತ ಕೇಳಿ. ಕರೆಂಟ್ ಬಿಲ್ ಸಾಮಾನ್ಯವಾಗಿ ಬೇರೆ. ಅಡುಗೆಮನೆಯ ಒಲೆ, ಸಿಂಕ್ ಕೂಡ ಇಲ್ಲದ ಮನೆಗಳಿವೆ. ಡಚ್ ಮನೆಗಳಲ್ಲಿ ಕೆಲವಕ್ಕೆ ನೆಲದ ಹಾಸೇ ಇರುವುದಿಲ್ಲ. ಅಡ್ವಾನ್ಸ್ ಜರ್ಮನಿಯಲ್ಲಿ ಹೆಚ್ಚೆಂದರೆ ಮೂರು ತಿಂಗಳು, ನೆದರ್‌ಲ್ಯಾಂಡ್ಸ್‌ನಲ್ಲಿ ಎರಡು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಬಂದವರಿಗೆ ಇದು ನೆಮ್ಮದಿ.

ಊರಲ್ಲಿ ಇಟ್ಟ ದುಡ್ಡನ್ನೂ ಲೆಕ್ಕಕ್ಕೆ ತಗೊಳ್ಳಿ. ವಿದೇಶದಲ್ಲಿರುವ ಭಾರತೀಯರ ಎನ್‌ಆರ್‌ಇ ಖಾತೆಯ ಎಫ್‌ಡಿ ಬಡ್ಡಿಗೆ ಭಾರತದಲ್ಲಿ ತೆರಿಗೆ ಇಲ್ಲ, ಆದರೆ ಜರ್ಮನಿಯಲ್ಲಿ ಇದೆ. ದಂಪತಿಗೆ ವರ್ಷಕ್ಕೆ 2,000 ಯೂರೋ ತನಕ ವಿನಾಯಿತಿ, ಆಮೇಲೆ ಶೇ. 25 ಮತ್ತು ಅದರ ಮೇಲೆ ಚೂರು ಸರ್‌ಚಾರ್ಜ್. ಡಚ್ಚರು ತಲೆಗೆ 57,684 ಯೂರೋ ದಾಟಿದ ಉಳಿತಾಯದ ಮೇಲೆ, ಇಷ್ಟು ಗಳಿಕೆ ಬಂದಿರುತ್ತದೆ ಅಂತ ತಾವೇ ಊಹಿಸಿಕೊಂಡು ಆ ಊಹೆಯ ಗಳಿಕೆಗೆ ಶೇ. 36 ತೆರಿಗೆ ಹಾಕುತ್ತಾರೆ. ರೂಲಿಂಗ್ ಇದ್ದವರಿಗೆ ಹಿಂದೆ ಇದರಿಂದ ಬಿಡುಗಡೆ ಇತ್ತು, 2025ರಿಂದ ಹೊಸಬರಿಗೆ ಇಲ್ಲ.

ಇನ್ನೊಂದು ವಿಷಯ ನನಗೆ ಧೈರ್ಯ ಕೊಟ್ಟಿತು. ರೂಲಿಂಗ್ ಸಿಗಬೇಕಾದರೆ ಕೆಲಸಕ್ಕೆ ಸೇರುವ ಹಿಂದಿನ 24 ತಿಂಗಳಲ್ಲಿ 16ಕ್ಕಿಂತ ಹೆಚ್ಚು ತಿಂಗಳು ಡಚ್ ಗಡಿಯಿಂದ 150 ಕಿಲೋಮೀಟರ್ ಆಚೆ ಇದ್ದಿರಬೇಕು. ಬರ್ಲಿನ್ ಅದಕ್ಕಿಂತ ಎಷ್ಟೋ ದೂರ. ಮುಂದೆ ಮನಸ್ಸು ಬದಲಾದರೂ ಆ ಬಾಗಿಲು ಮುಚ್ಚುವುದಿಲ್ಲ. ಗಡಿಗೆ ಹತ್ತಿರದ ಜರ್ಮನ್ ಊರುಗಳಾದ ಕೋಲೋನ್‌ನಲ್ಲೋ ಡುಸೆಲ್ಡಾರ್ಫ್‌ನಲ್ಲೋ ಎರಡು ವರ್ಷ ಇದ್ದವರಿಗೆ ಅದು ಸಿಗುವುದಿಲ್ಲ.

ಇಬ್ಬರೂ ಸಮಸಮ ದುಡಿಯುವವರಾದರೆ ನನ್ನ ಲೆಕ್ಕವೆಲ್ಲ ತಿರುಗುಮುರುಗು. ಜರ್ಮನಿಯಲ್ಲಿ ಆದಾಯವನ್ನು ಎರಡು ಭಾಗ ಮಾಡಿದ ಲಾಭ ಹೋಗುತ್ತದೆ, ನೆದರ್‌ಲ್ಯಾಂಡ್ಸ್‌ನಲ್ಲಿ ಡೇಕೇರ್ ಸಹಾಯಧನ ಬರುತ್ತದೆ. ಅಂಥವರಿಗೆ ನಾನು ಐಂಡ್‌ಹೋವನ್ ಅಂತಲೇ ಹೇಳುತ್ತೇನೆ. ನನ್ನ ಹೆಂಡತಿ ಈಗ ಜರ್ಮನ್ ಕಲಿಯುತ್ತಿದ್ದಾಳೆ. ಕೆಲಸ ಸಿಕ್ಕ ತಿಂಗಳೇ ಇಬ್ಬರೂ, ಗಂಡ ಹೆಂಡತಿಗೆ ಒಂದೇ ರೀತಿ ತೆರಿಗೆ ಹಿಡಿಯುವ 4ನೇ ವರ್ಗಕ್ಕೆ ಬರುತ್ತೇವೆ. 5ರಲ್ಲೇ ಉಳಿದರೆ ಅವಳ ಕೈಗೆ ಬರುವ ಸಂಬಳ ತೀರಾ ಕಡಿಮೆ ಕಾಣುತ್ತದೆ, ಮುಂದೆ ನಿರುದ್ಯೋಗ ಭತ್ಯೆಯಾಗಲಿ, ಮಗುವಾದಾಗ ಪೋಷಕರಿಗೆ ಕೊಡುವ ಭತ್ಯೆಯಾಗಲಿ ಲೆಕ್ಕ ಹಾಕುವುದು ಆ ಕೈಗೆ ಬರುವ ಸಂಬಳದ ಮೇಲೇ.