ನವಣೆ ಮುದ್ದೆಯಾಗದೆ, ಬಂಗುಡೆ ನೀರು ಬಿಡದೆ ಬಟ್ಟಲೂಟ ಮಾಡಿದ್ದು ಹೀಗೆ

ಆಫೀಸಿಂದ ಬಂದು ಮಾಡುವ ಊಟ ಇದು. ಬಟ್ಟಲಿಗೆ ನವಣೆ ಅನ್ನ, ಮೇಲೆ ಒಟಿಜಿಯಲ್ಲಿ (ಪುಟ್ಟ ಕರೆಂಟ್ ಓವನ್) ಸುಟ್ಟ ಬಂಗುಡೆ ಮೀನು, ಪಕ್ಕಕ್ಕೆ ಸೌತೆಕಾಯಿ. ಆದರೆ ನವಣೆ ಪ್ರತಿ ಸಲ ಮುದ್ದೆ, ಮೀನು ಸುಡುವ ಬದಲು ತನ್ನದೇ ನೀರಲ್ಲಿ ಬೇಯುತ್ತಿತ್ತು.

ಕುಕ್ಕರಿನಲ್ಲಿ ನೀರು ಕಡಿಮೆ ಹಾಕಿದರೆ ನವಣೆ ಅರೆಬೆಂದಿತು. ಮೀನನ್ನು ಜಾಸ್ತಿ ಹೊತ್ತು ಇಟ್ಟರೆ ಒಣಗಿತು. ರವೆ ಸವರಿದರೆ ಅದೂ ಒದ್ದೆಯಾಗಿ ತಟ್ಟೆಗೇ ಅಂಟಿತು.

ಸರಿಹೋಗಿದ್ದು ಕ್ರಮ ಬದಲಿಸಿದ ಮೇಲೆ. ಮನೆಗೆ ಬಂದ ಕೂಡಲೇ 1 ಲೋಟ ನವಣೆ ತೊಳೆದು ನೆನೆಹಾಕಿ, 30 ನಿಮಿಷ. ಆಗಲೇ ಸೀಳು ಹಾಕಿದ ಬಂಗುಡೆಗೆ ಬರೀ ಉಪ್ಪು, ಅರಿಶಿನ ಸವರಿ 15 ನಿಮಿಷ ಬಿಡಿ. ಅದು ನೀರು ಬಿಡುತ್ತದೆ, ಆ ನೀರು ಚೆಲ್ಲಿ ಬಟ್ಟೆಯಿಂದ ಒಳಗೂ ಹೊರಗೂ ಚೆನ್ನಾಗಿ ಒರೆಸಿ. ನಾನು ಮೊದಲು ಮಾಡದೆ ಬಿಡುತ್ತಿದ್ದದ್ದು ಇದನ್ನೇ. ಆಮೇಲೆ ಬ್ಯಾಡಗಿ ಮೆಣಸಿನ ಪುಡಿ, ಕಾಳುಮೆಣಸು, ಗಟ್ಟಿ ಹುಣಸೆ ರಸ, 2 ಚಮಚ ಎಣ್ಣೆ ಕಲಸಿ ತೆಳ್ಳಗೆ ಹಚ್ಚಿ. ನಿಂಬೆರಸ ಈಗ ಬೇಡ, ಬಡಿಸುವಾಗ ಹಿಂಡಿ.

ಒಟಿಜಿ 220 ಡಿಗ್ರಿ, ಮೇಲಿನ ಕೆಳಗಿನ ಎರಡೂ ರಾಡ್ ಆನ್, 15 ನಿಮಿಷ ಖಾಲಿ ಕಾಯಲಿ. ಮೀನು ತಟ್ಟೆಯಲ್ಲಲ್ಲ, ತಂತಿ ಜಾಲರಿಯ ಮೇಲೆ, ತಟ್ಟೆ ಅದರ ಕೆಳಗೆ. 8 ನಿಮಿಷಕ್ಕೆ ತಿರುವಿ, ಇನ್ನೊಂದು 7 ನಿಮಿಷ.

ಅಷ್ಟರಲ್ಲಿ ನವಣೆ ಬಸಿದು, ಕುದಿಯುವ 2 ಲೋಟ ನೀರಿಗೆ ಹಾಕಿ, ಮುಚ್ಚಿ ಸಣ್ಣ ಉರಿಯಲ್ಲಿ 12 ನಿಮಿಷ. ಒಲೆ ಆರಿಸಿ 10 ನಿಮಿಷ ಮುಚ್ಚಳ ತೆಗೆಯಬೇಡಿ, ಸೌಟು ಆಡಿಸಲೂಬೇಡಿ. ನಂತರ ಅಗಲ ತಟ್ಟೆಗೆ ಹರವಿ, ಹಬೆ ಹೋದ ಮೇಲೆ ಬಟ್ಟಲಿಗೆ.